ಎಲ್ಲಾದಕ್ಕೂ ಅಮೇಜಿಂಗ್ ಅಂತಾನೇ ಬರ್ತಿದೆ, ಬೇರೆ ಪದ ಬಳಸಿದ ಅನುಭವ ಇರೋರು ಹೇಳಿ

ಹಸಿರುಶಾಯಿ: ನಾಡಿದ್ದು ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ಮಾತಾಡ್ಬೇಕು, ಗ್ರಹಣ ನೋಡಿದ್ದರ ಬಗ್ಗೆ. ಧೈರ್ಯವಾಗಿ ಯಾವ ಪದ ಬಳಸ್ಲಿ?

ನಿದ್ದೆಗೇಡಿ: ಧೈರ್ಯ ಮಾಡಿ ಕೆಟ್ಟೋನು ನಾನು. ಮ್ಯಾನೇಜರ್ ಬೀಳ್ಕೊಡುಗೆಗೆ ಮೇಲ್ ಬರೀವಾಗ, ಆಸಮ್ ಅಂದ್ರೆ ಸ್ವಲ್ಪ ಬೆರಗು, ಆಫುಲ್ ಅಂದ್ರೆ ಬೆರಗು ತುಂಬಿ ತುಳುಕೋದು ಅಂತ ಲೆಕ್ಕ ಹಾಕಿ "ಆಫುಲ್ ಲೀಡರ್" ಅಂದ್ಬಿಟ್ಟೆ. 43 ಜನಕ್ಕೆ ಹೋಯ್ತು. ವಾಪಸ್ ತಗೊಳ್ಳೋಕೆ ಹೋದ್ರೆ 43 ಜನಕ್ಕೂ "ಇವರು ಮೇಲ್ ವಾಪಸ್ ತಗೊಳ್ತಿದಾರೆ" ಅಂತ ಇನ್ನೊಂದು ಹೋಯ್ತು, ಓದದೇ ಇದ್ದೋರೂ ಹುಡುಕಿ ಓದಿದ್ರು. ಕ್ಷಮಾಪಣೆ 4 ಸಲ ತಿದ್ದಿ ಬರೆದೆ, ಡಿಕ್ಷನರಿ ನೋಡಿದ್ರೆ ಅರ್ಧ ನಿಮಿಷದ ಕೆಲಸ.

ಹಳೇನಿಬ್ಬು: ನಿಮ್ಮ ಲೆಕ್ಕ ಸರಿ, ಹುಟ್ಟಿದ ಕಾಲ ತಪ್ಪು. ಹಿಂದೆ ಆಫುಲ್ ಅಂದ್ರೆ ಭಯಭಕ್ತಿ ಹುಟ್ಟಿಸೋದು ಅಂತಾನೇ ಅರ್ಥ, ಆಮೇಲೆ ಕೆಟ್ಟದ್ದಕ್ಕೆ ಇಳೀತು. ಟೆರಿಫಿಕ್ ಉಲ್ಟಾ, ಹೆದರಿಸೋದು ಅಂತ ಇದ್ದದ್ದು ಹೊಗಳಿಕೆ ಆಯ್ತು. ಅಸ್ಟಾನಿಷ್ ಬೇರಲ್ಲಿ ಲ್ಯಾಟಿನ್ನಿನ ಗುಡುಗಿದೆ, ಸಿಡಿಲು ಬಡಿದಂಗೆ ನಿಂತ ಅಂತೀವಲ್ಲ ಹಂಗೆ. ನಾನು ಒಂದು ಲೇಖನದಲ್ಲಿ ಅಡ್ಮೈರ್‌ನ ಹಳೇ ಅರ್ಥದಲ್ಲಿ, ಬೆರಗಾಗೋದು ಅಂತ ಬಳಸಿ 11 ಕಡೆ ಕೆಂಪು ಗೆರೆ ಹಾಕಿಸ್ಕೊಂಡೆ. ಪಶ್ಚಾತ್ತಾಪ ಏನಿಲ್ಲ.

ಕಪ್ಪುಹಲಗೆ: ಗುಡುಗು ಸಿಡಿಲು ಕಟ್ಕೊಂಡು ಏನ್ ಮಾಡೋದು ಸ್ವಾಮಿ. ನಾನು ಮುಳುಗಿದ್ದು ವಂಡರ್‌ನಲ್ಲಿ. "ಐ ವಂಡರ್ ಇಫ್ ಹೀ ವಿಲ್ ಕಮ್" ಅನ್ನೋದಕ್ಕೆ "ಅವನು ಬಂದ್ರೆ ಆಶ್ಚರ್ಯಪಡ್ತೀನಿ" ಅಂತ ಅನುವಾದ ಮಾಡ್ದೆ, ಅದು "ಬರ್ತಾನೋ ಇಲ್ವೋ" ಅಂತ ಯೋಚ್ನೆ ಅಷ್ಟೇ. "ನೋ ವಂಡರ್"ಗೆ "ಅದ್ಭುತ ಇಲ್ಲ" ಅಂತ ಬರೆದೆ, ಇರ್ಬೇಕಾದ್ದು "ಅದರಲ್ಲೇನು ಆಶ್ಚರ್ಯ". 2 ಮಾರ್ಕಲ್ಲಿ ಫೇಲು, 6 ತಿಂಗಳು ಹಾಳು. ಇನ್ನೊಂದು, ಬೆರಗಾದೋರು ಅಮೇಜ್ಡ್, ಬೆರಗು ಮಾಡೋದು ಅಮೇಜಿಂಗ್. "ಐ ಆಮ್ ಅಮೇಜಿಂಗ್" ಅಂದ್ರೆ ತಮ್ಮ ಬೆನ್ನು ತಾವೇ ತಟ್ಕೊಂಡಂಗೆ.

ಹಳೇನಿಬ್ಬು: ಎಲ್ಲಾದನ್ನೂ ಮಾರ್ಕಲ್ಲಿ ಅಳೆಯೋರ ಹತ್ರ ಮಾತಾಡಿ ಪ್ರಯೋಜನ ಇಲ್ಲ. ಅನುವಾದದಲ್ಲಿ ಅದ್ಭುತ ತಂದಿದ್ದೇ ತಪ್ಪು, ಅದು ರಸ. ಅದರ ಸ್ಥಾಯಿಭಾವ, ಅಂದ್ರೆ ಆ ರಸಕ್ಕೆ ಮೂಲವಾದ ಭಾವ, ವಿಸ್ಮಯ.

ಕಪ್ಪುಹಲಗೆ: 11 ಕೆಂಪು ಗೆರೆ ಹಾಕಿಸ್ಕೊಂಡೋರು ರಸ ಹೇಳ್ಕೊಡ್ತಾರೆ! ಊಟ ಅದ್ಭುತವಾಗಿತ್ತು ಅಂತ ನೀವು ಅಂದೇ ಇಲ್ವಾ?

ಹಳೇನಿಬ್ಬು: ಇಲ್ಲ. ರುಚಿಯಾಗಿತ್ತು ಅಂತೀನಿ.

ಹಸಿರುಶಾಯಿ: ಗ್ರಹಣಕ್ಕೆ "ಆ-ಇನ್ಸ್ಪೈರಿಂಗ್" (awe-inspiring, ಭಯಭಕ್ತಿ ಬೆರಗು ಹುಟ್ಟಿಸೋದು) ನಡೆಯುತ್ತಾ?

ಕಪ್ಪುಹಲಗೆ: ನಡೆಯುತ್ತೆ, ಒಂದೇ ಸಲ ಹೇಳಿ. @ನಿದ್ದೆಗೇಡಿ, ಆ ಮ್ಯಾನೇಜರ್ ಏನಂದ್ರು?

ನಿದ್ದೆಗೇಡಿ: "ನೋ ವಂಡರ್" ಅಂತ ಎರಡೇ ಪದ. ಇದೂ 43 ಜನಕ್ಕೆ.