ವಿನೈಲ್ ಅಂಚು ಎದ್ದು ಬತ್ತಾ ಐತೆ, ಭಾನುವಾರ ಮ್ಯಾಚು, ಅರ್ಜೆಂಟ್

ಗುತ್ತಲು_ಹೈದ, ಮಂಡ್ಯ:
ತಲೆ ಕೆಟ್ಟು ಮೊಸರ್ ಗಡಿಗೆ ಆಗೋಗದೆ. ಟೀ ಶರ್ಟ್ ಮೇಲೆ ಬಿಳಿ ವಿನೈಲ್ (ಅಕ್ಷರದ ಆಕಾರಕ್ಕೆ ಕತ್ತರ್ಸಿ, ಬಿಸಿ ಪ್ರೆಸ್ ಮಿಷನ್ನಲ್ಲಿ ಒತ್ತಿ ಅಂಟ್ಸೋ ಹಾಳೆ) ಒತ್ತುದ್ರೆ ಅಂಚು ಎದ್ಕೊತದೆ. ಬೆನ್ ಮೇಲಿನ ನಂಬರ್ರು ಪರವಾಗಿಲ್ಲ, ಎದೆ ಮೇಲಿನ ಹೆಸ್ರಲ್ಲಿ ಒತ್ತಕ್ಷರ ಮಾತ್ರ, ವಿನೈಲ್ ಮೇಲಿರೋ ಪ್ಲಾಸ್ಟಿಕ್ ಶೀಟ್ ಎಳುದ್ರೆ, ಅದ್ರ ಜೊತೇಲೇ ಕಿತ್ಕೊಂಡ್ ಬತ್ತವೆ. 160 ಡಿಗ್ರಿ, 15 ಸೆಕೆಂಡು, ಅಂಗಡಿಯವ್ರು ಹೇಳ್ದಂಗೇ ಇಟ್ಟಿವ್ನಿ. ಪ್ರೆಸ್ಸು 15 ಇಂಚು ಚೌಕದ್ದು, ಬಾಯಿ ತೆಗೆಯೋ ಟೈಪು. ಗೊತ್ತಿರೋರು ಬೇಗ ಹೇಳ್ರಣ್ಣ.

ಚಾಮುಂಡಿ_ಕಟ್ಟರ್, ಮೈಸೂರು:
ಪ್ರೆಶರ್ ಕಮ್ಮಿ. ಇದನ್ನ ಇಲ್ಲಿ ಎಷ್ಟ್ ಸಲ ಹೇಳೋದು? ಮಿಷನ್ ತಣ್ಣಗಿದ್ದಾಗ ನಾಲ್ಕೂ ಮೂಲೇಲಿ ಒಂದೊಂದು ಕಾಗದ ಇಟ್ಟು ಮುಚ್ಚಿ, ಎಳೆದು ನೋಡಿ. ಎಲ್ಲಾ ಕಡೆ ಒಂದೇ ಬಿಗಿ ಇರ್ಬೇಕು. ಕಾಲರ್ ಹೊಲಿಗೆ ಪ್ಲೇಟ್ ಮೇಲೆ ಬಂದ್ರೆ ಒತ್ತಡ ಎಲ್ಲಾ ಆ ದಪ್ಪಕ್ಕೇ ಹೋಗುತ್ತೆ, ಪಕ್ಕದ ಅಕ್ಷರಕ್ಕೆ ಬಿಸಿ ತಾಗೋದೇ ಇಲ್ಲ.

ಗುತ್ತಲು_ಹೈದ:
ಕಾಗದ ಬಿಗಿಯಾಗೇ ಐತೆ ಸಾರ್. ಕಾಲರ್ ಆಚೆಗೇ ಬುಟ್ಟಿವ್ನಿ.

ಚಾಮುಂಡಿ_ಕಟ್ಟರ್:
ಆದ್ರೂ ಪ್ರೆಶರ್ ತಿರುಪು ಇನ್ನೆರಡು ಸುತ್ತು ತಿರುಗಿಸಿ.

ವೈರ್‌ಮ್ಯಾನ್_ಮದ್ದೂರು:
ಪ್ರೆಶರೂ ಅಲ್ಲ ಗಿಶರೂ ಅಲ್ಲ, ಕರೆಂಟು. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದ್ರೆ, 230ರಲ್ಲಿ ಕೊಡೋ ಶಾಖದಲ್ಲಿ ನೂರಕ್ಕೆ ಅರವತ್ತರಷ್ಟೇ ಕಾಯಿಲ್ ಕೊಡೋದು. ಸಣ್ಣ ವೈರಿನ ಎಕ್ಸ್‌ಟೆನ್ಶನ್ ಹಾಕಿದ್ರಂತೂ ಮುಗೀತು.

ಚಾಮುಂಡಿ_ಕಟ್ಟರ್:
ಬಿಸಿ ಒಂದೇ ಮಟ್ಟದಲ್ಲಿ ಇಡೋ ಥರ್ಮೋಸ್ಟಾಟ್ ಇರೋದ್ಯಾಕೆ ಮತ್ತೆ? ಬಿಸಿಯಾಗೋದು ತಡ ಆಗುತ್ತೆ, ಅಷ್ಟೇ.

ವೈರ್‌ಮ್ಯಾನ್_ಮದ್ದೂರು:
ಶರ್ಟ್ ಇಟ್ಟ ತಕ್ಷಣ ಬಿಸಿ ಇಳಿಯುತ್ತಲ್ಲ, ಅದನ್ನ ತುಂಬಿಸೋಕೆ ಕರೆಂಟೇ ಬೇಕಲ್ವಾ ಸ್ವಾಮಿ? ಅಳತೆ ಮಾಡಿ ಮಾತಾಡಿ.

ಡಿಸೈನ್_ಕುವೆಂಪುನಗರ:
ಜಗಳ ಆಮೇಲೆ ಆಡಿ. ಒತ್ತಕ್ಷರ ಮಾತ್ರ ಬರ್ತಿದೆ ಅಂದ್ರೆ ಕಟಿಂಗ್ ಫೈಲ್ ನೋಡಿ. ‘ಮಂಡ್ಯ’ದಲ್ಲಿ ಡಕಾರಕ್ಕೆ ಯ ಒತ್ತು ತಾಗೋ ಕಡೆ ವೆಲ್ಡ್ ಮಾಡಿ ಎರಡೂ ಆಕಾರ ಒಂದು ಮಾಡಿಲ್ಲ ಅಂದ್ರೆ ಬ್ಲೇಡು ಅಲ್ಲೂ ಗೆರೆ ಎಳೆಯುತ್ತೆ, ಒತ್ತು ಬೇರೆ ತುಂಡಾಗುತ್ತೆ. ಅಷ್ಟು ಸಣ್ಣ ಬಾಲಕ್ಕೆ ಅಂಟು ಕೂರೋ ಜಾಗ ಎಲ್ಲಿದೆ? ಕನ್ನಡಕ್ಕೆ ದಪ್ಪ ಫಾಂಟೇ ಹಾಕಿ.

ಗುತ್ತಲು_ಹೈದ:
ವೆಲ್ಡ್ ಮಾಡಿವ್ನಿ. ಫೋಟೋ ಹಾಕಿವ್ನಿ ನೋಡಿ. ಪ್ರೆಸ್ ತೆಗೆದ ತಕ್ಷಣ ಶೀಟ್ ಎಳೆದಾಗಿಂದು.

ಹಳೇ_ಪ್ರೆಸ್ಸು, ಮೈಸೂರು:
ಫೋಟೋ ದೊಡ್ಡದು ಮಾಡಿ ನೋಡ್ದೆ. ಪ್ಲೇಟಿನ ಅಳತೆಗೆ ಸರಿಯಾಗಿ ಎದೆ ಮೇಲೆ ಚೌಕಾಕಾರದ ಹೊಳಪು ಬಂದಿದೆ. ‘ಮ’ ಬಿಳಿ ಇಲ್ಲ, ಗುಲಾಬಿಗೆ ತಿರುಗ್ತಿದೆ. ಬಟ್ಟೆ ಯಾವುದಪ್ಪಾ?

ಗುತ್ತಲು_ಹೈದ:
ಕಬಡ್ಡಿ ಟೀಮಿನ ಕೆಂಪು ಜೆರ್ಸಿ ಕಣಣ್ಣ, ತೂತು ತೂತಾಗಿರದು. ಟೀ ಶರ್ಟ್ ಅಂದ್ರೆ ಟೀ ಶರ್ಟೇ ಅಲ್ವಾ?

ಹಳೇ_ಪ್ರೆಸ್ಸು:
ಇದನ್ನ ಮೊದಲೇ ಹೇಳೋದಲ್ವಾ ಮಾರಾಯ. ಅದು ಪಾಲಿಯೆಸ್ಟರ್. 160 ಡಿಗ್ರಿ ಕಾಟನ್ನಿಗೆ ಸರಿ. ಪಾಲಿಯೆಸ್ಟರ್ ಬಣ್ಣ ಆ ಬಿಸಿಗೆ ಆವಿಯಾಗಿ ವಿನೈಲ್ ಒಳಕ್ಕೆ ಏರುತ್ತೆ, ಈಗ ಬೆಳ್ಳಗೆ ಕಂಡ್ರೂ ನಾಳೆಗೆ ಗುಲಾಬಿ. ತೂತು ಇರೋ ಕಡೆ ಅಂಟಿಗೆ ಬಟ್ಟೆಯೇ ಸಿಗಲ್ಲ. ಅದರ ಮೇಲೆ ನಿಮ್ಮ ರೋಲು ಕೋಲ್ಡ್ ಪೀಲ್ (ತಣ್ಣಗಾದ ಮೇಲೆ ಶೀಟ್ ಎಳೆಯೋದು) ಇರ್ಬೇಕು, ಬಿಸಿಯಲ್ಲೇ ಎಳೆದ್ರೆ ಸಣ್ಣ ತುಂಡು ಶೀಟ್ ಜೊತೆ ಬಂದೇ ಬರುತ್ತೆ. ಪೂರ್ತಿ ಆರಲಿ, ಆಮೇಲೆ ಮೂಲೆಯಿಂದ ಮೆಲ್ಲಗೆ ಮಡಚಿ ಎಳೀರಿ. ಬಟರ್ ಪೇಪರ್ ಇಟ್ಟು ಮತ್ತೆ 5 ಸೆಕೆಂಡು ಒತ್ತಿ. 24 ಗಂಟೆ ನೀರು ಮುಟ್ಟಿಸಬೇಡಿ. ಬಿಳಿಯೇ ಬೇಕು ಅಂದ್ರೆ ಬಣ್ಣ ಏರದ ಹಾಗೆ ತಡೆಯೋ, ಕಮ್ಮಿ ಬಿಸಿಯ ಬ್ಲಾಕರ್ ವಿನೈಲ್ ತರಿಸಿ.

ಚಾಮುಂಡಿ_ಕಟ್ಟರ್:
ಪ್ರೆಶರ್ ಸರಿಯಿದ್ರೆ ಪಾಲಿಯೆಸ್ಟರ್ ಮೇಲೂ ಕೂರುತ್ತೆ. ದಸರಾ ಹೊತ್ತಲ್ಲಿ ನಮ್ಮ ಸ್ವಿಂಗ್ ಪ್ರೆಸ್ಸು ಹಗಲು ರಾತ್ರಿ ಓಡಿದೆ, ಒಂದು ಅಂಚೂ ಎದ್ದಿಲ್ಲ. ತಲೆ ಪಕ್ಕಕ್ಕೆ ತಿರುಗುತ್ತೆ, ಕೈ ಸುಡಲ್ಲ, ಡಿಜಿಟಲ್ ಕೌಂಟರ್ ಬೇರೆ.

ಡಿಟಿಎಫ್_ಬಾಸ್:
ಇನ್ನೂ ಸೂಜಿಯಲ್ಲಿ ಬೇಡದ ವಿನೈಲ್ ಕೀಳ್ತಾ ಕೂತಿದೀರಾ? ಡಿಟಿಎಫ್ ಫಿಲ್ಮ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಇಳಿಸೋದು) ತಗೊಳ್ಳಿ, ಎಂಥ ಸಣ್ಣ ಒತ್ತಕ್ಷರನೂ ಬರುತ್ತೆ.

ಹಳೇ_ಪ್ರೆಸ್ಸು:
ಅದನ್ನೂ ಬಿಸಿ ಮಾಡೇ ಅಲ್ವಾ ಅಂಟಿಸೋದು? ಕೆಂಪು ಅಲ್ಲೂ ಏರುತ್ತೆ.

ಡಿಟಿಎಫ್_ಬಾಸ್:
ನನಗೆ ಒಂದು ಸಲಾನೂ ಏರಿಲ್ಲ.

ಹಳೇ_ಪ್ರೆಸ್ಸು:
ಕೆಂಪು ಜೆರ್ಸಿ ಮೇಲೆ ಬಿಳಿ ಹಾಕಿದೀರಾ?

ಗುತ್ತಲು_ಹೈದ:
ಅಣ್ಣಂದಿರಾ, ಬ್ಲಾಕರ್ ರೋಲು ಇಲ್ಲಿ ಸಿಕ್ತಿಲ್ಲ. ಉಳಿದ ಜೆರ್ಸಿಗೆ ಏನ್ ಮಾಡ್ಲಿ ಅದ ಹೇಳ್ರಪ್ಪ.

ಹಳೇ_ಪ್ರೆಸ್ಸು:
ಕಪ್ಪು ಇದ್ರೆ ಕಪ್ಪೇ ಹಾಕಿ. ಕೆಂಪು ಏರಿದ್ರೂ ಕಣ್ಣಿಗೆ ಬೀಳಲ್ಲ. ರೋಲ್ ಮೇಲೆ ಬರೆದಿರೋದ್ರಲ್ಲಿ ಅತಿ ಕಮ್ಮಿ ಬಿಸಿ ಇಡಿ. ಮೊದಲು ಒಳಗಡೆ ಅಂಚಲ್ಲಿ ಒಂದು ತುಂಡು ಒತ್ತಿ ನೋಡಿ. ಗುಲಾಬಿ ಆಗಿರೋದನ್ನ ವಾಪಸ್ ಬೆಳ್ಳಗೆ ಮಾಡೋಕಾಗಲ್ಲ.

ಗುತ್ತಲು_ಹೈದ:
ಕಪ್ಪಲ್ಲಿ ಒಂದು ಒತ್ತಿದೆ, ಆರೋಗಂಟ ಮುಟ್ನಿಲ್ಲ. ಒತ್ತಕ್ಷರ ಕೂತವೆ. ಆದ್ರೆ ಕ್ಯಾಪ್ಟನ್ನು ಬಿಳಿನೇ ಬೇಕು ಅಂತ ಹಟ ಹಿಡ್ದವ್ನೆ.

ಬನ್ನೂರು_ಟೈಲರ್:
ಚಾಮುಂಡಿ ಸಾರ್, ನಿಮ್ಮ ಸ್ವಿಂಗ್ ಪ್ರೆಸ್ಸು ಎಷ್ಟಕ್ಕೆ ಬಿತ್ತು?

ಚಾಮುಂಡಿ_ಕಟ್ಟರ್:
ಮೆಸೇಜ್ ಮಾಡಿ. ಹಳೇದೊಂದು ಕೊಡೋದಿದೆ.