ಲಾರಿ ಬುಕಿಂಗ್ ಫಾರ್ಮ್‌ನಲ್ಲಿ ಏನೇನು ಕೇಳಬೇಕು?

ಪ್ರಶ್ನೆ (ಶಿರಸಿ): ಅಪ್ಪ ನಡೆಸುತ್ತಿದ್ದ ಲಾರಿ ಬುಕಿಂಗ್ ಆಫೀಸನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಡಿಕೆ, ಕಾಳುಮೆಣಸು, ಸಣ್ಣಪುಟ್ಟ ಯಂತ್ರಗಳೇ ಜಾಸ್ತಿ. ಫೋನಿನಲ್ಲೇ ತುಂಬುವ ಹಾಗೆ ಒಂದು ಫಾರ್ಮ್ ಮಾಡಿದೆ. 31 ಕಾಲಂ ಇದೆ. ಅರ್ಧ ತುಂಬಿ ಬಿಟ್ಟು ಎಲ್ಲರೂ ಫೋನೇ ಮಾಡುತ್ತಾರೆ. ಯಾವುದು ಇಡಲಿ, ಯಾವುದು ತೆಗೆಯಲಿ? ಈ ಕೆಲಸ ಬಲ್ಲವರು ಹೇಳಿ.

ಉತ್ತರ (ಕಾರವಾರ, 22 ವರ್ಷದಿಂದ ಬುಕಿಂಗ್ ಕೆಲಸ): ತಂಗೀ, ಫಾರ್ಮ್ ತೆರೆದವರಿಗೆ ಮೊದಲು ಬೇಕಾಗಿರುವುದು ಒಂದೇ ಉತ್ತರ: ಬಾಡಿಗೆ ಎಷ್ಟು? ಅದು ಹೇಳುವ ಮೊದಲೇ ಜಿಎಸ್‌ಟಿ ನಂಬರ್ ಕೇಳಿದರೆ ಯಾರೂ ಮುಂದೆ ಹೋಗುವುದಿಲ್ಲ. ಫಾರ್ಮನ್ನು ಎರಡು ಮಾಡಿ. ಮೊದಲನೆಯದರಲ್ಲಿ ಎಲ್ಲಿಂದ, ಎಲ್ಲಿಗೆ, ಯಾವ ಮಾಲು, ಎಷ್ಟು ತೂಕ, ಎಂದು ಲೋಡಿಂಗ್, ನಿಮ್ಮ ಫೋನ್ ನಂಬರ್. ಇಷ್ಟೇ. ಬಾಡಿಗೆ ಒಪ್ಪಿದ ಮೇಲೆ ಎರಡನೆಯದು ಕಳಿಸಿ.

ಊರಿನ ಹೆಸರಿಗಿಂತ ಮೊದಲು ಪಿನ್‌ಕೋಡ್ ಕೇಳಿ. ನಮ್ಮ ಕಡೆ ಒಂದೇ ಹೆಸರಿನ ಹಳ್ಳಿಗಳಿವೆ, ಒಂದೇ ಹಳ್ಳಿಯಲ್ಲಿ ಹತ್ತಾರು ಹೆಗಡೆಯವರ ಮನೆಗಳಿವೆ. ಪಿನ್‌ಕೋಡ್ ಜೊತೆಗೆ ಹತ್ತಿರದ ಗುರುತು ಬರೆಯಲು ಒಂದು ಸಾಲು ಕೊಡಿ.

ತೂಕದ ಕಾಲಂ ಪಕ್ಕ "ಕೆಜಿ" ಎಂದು ನೀವೇ ಅಚ್ಚು ಹಾಕಿ. ಒಮ್ಮೆ ಒಬ್ಬರು ಚಾಲಿ ಅಡಿಕೆಗೆ ಸುಮ್ನೆ "5" ಎಂದು ಬರೆದಿದ್ದರು. ನಾನು ಐದು ಚೀಲ ಅಂದುಕೊಂಡೆ, ಅವರದ್ದು ಐದು ಕ್ವಿಂಟಾಲ್. ಲಾರಿಯಲ್ಲಿ ಜಾಗ ಸಾಲದೆ ಅರ್ಧ ಮಾಲು ಮರುದಿನಕ್ಕೆ ಉಳಿಯಿತು. ತಪ್ಪು ಅವರದ್ದಲ್ಲ, ನನ್ನ ಫಾರ್ಮಿನದ್ದು. ಚೀಲದ ಎಣಿಕೆಗೆ ಬೇರೆ ಕಾಲಂ ಇರಲಿ.

ಇನ್ನೊಂದು ಕಾಲಂ ಬೇರೆ ಊರಿನ ಫಾರ್ಮ್‌ಗಳಲ್ಲಿ ಸಿಗುವುದಿಲ್ಲ, ನಮಗೆ ಬೇಕೇ ಬೇಕು: "ಅಂಗಳದವರೆಗೆ ಲಾರಿ ಬರುತ್ತದೆಯೇ?" ತೋಟದ ಮನೆಗೆ ಇಳಿಯುವ ದಾರಿ ನಿಮಗೆ ಗೊತ್ತಲ್ಲ. ಪಿಕಪ್ ಇಳಿಯುತ್ತದೆ, ಲಾರಿ ಟಾರು ರಸ್ತೆಯಲ್ಲೇ ನಿಲ್ಲುತ್ತದೆ. ಮಾಲು ಎರಡು ಸಲ ಹತ್ತಿ ಇಳಿದರೆ ಹಮಾಲಿಯೂ ಎರಡು ಸಲ. ಅದನ್ನು ಬಾಡಿಗೆ ಹೇಳುವಾಗಲೇ ಹೇಳಿದರೆ ಜಗಳ ಇರುವುದಿಲ್ಲ.

ಎರಡನೇ ಫಾರ್ಮಿಗೆ ಉಳಿದದ್ದು: ಬಿಡಿಸಿಕೊಳ್ಳುವವರ ಹೆಸರು, ಫೋನ್, ಬಾಡಿಗೆ ಇಲ್ಲೇ ಕೊಡುತ್ತಾರೋ ಟು-ಪೇಯೋ (ಮಾಲು ಬಿಡಿಸಿಕೊಳ್ಳುವವರು ಅಲ್ಲಿ ಕೊಡುವುದು), ಎರಡೂ ಕಡೆಯ ಜಿಎಸ್‌ಟಿ ನಂಬರ್, ಮಾಲಿನ ಬೆಲೆ. ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಸುವ ಜಿಎಸ್‌ಟಿ ದಾಖಲೆ) ನಂಬರ್ ಕಾಲಂ ತಾನಾಗೇ ತೆರೆಯುವ ಹಾಗೆ ಮಾಡಿ. ಸಾಮಾನ್ಯ ಲಾರಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ, ಅದು ಲಾರಿ ನಂಬರ್ ಹಾಕಿದಾಗಿನಿಂದ ಶುರು. ಹಾಗಾಗಿ ಲೋಡಿಂಗ್ ದಿನ ಪಕ್ಕಾ ಆಗದೆ ಲಾರಿ ನಂಬರ್ ಹಾಕಿಸಬೇಡಿ.

ಪ್ರಶ್ನೆ (ಯಲ್ಲಾಪುರ, ಅಡಿಕೆ ವ್ಯಾಪಾರ): ಮಾಲಿನ ಬೆಲೆ ನಿಮಗೆ ಯಾಕೆ ಅಣ್ಣಾ? ನಾನು ಯಾವಾಗಲೂ ಖಾಲಿ ಬಿಡುತ್ತೇನೆ.

ಉತ್ತರ (ಕಾರವಾರ): ದಯವಿಟ್ಟು ಬಿಡಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಮಾಲು ಕಳಿಸುವವರು ಬರೆದುಕೊಡುವ ಗೂಡ್ಸ್ ಫಾರ್ವರ್ಡಿಂಗ್ ನೋಟ್‌ನಲ್ಲಿ ಬೆಲೆ ಇರಲೇಬೇಕು. ಮಾಲು ಹಾಳಾದರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನೀವು ಬರೆದ ಬೆಲೆಯನ್ನು ಮೀರುವ ಹಾಗಿಲ್ಲ. ಒಂದು ಅಡಿಕೆ ಸುಲಿಯುವ ಯಂತ್ರ ಕಳಿಸಿದಿರಿ, ಬಾಡಿಗೆ 2,400 ರೂಪಾಯಿ ಅಂದುಕೊಳ್ಳಿ. ದಾರಿಯಲ್ಲಿ ಮುರಿದರೆ ಹೆಚ್ಚೆಂದರೆ 24,000. ಯಂತ್ರದ ಬೆಲೆ ಲಕ್ಷ ಇದ್ದರೂ ಅಷ್ಟೇ. ಪೂರ್ತಿ ಹೊಣೆ ಬೇಕಿದ್ದರೆ ಬುಕಿಂಗ್ ವೇಳೆಯಲ್ಲೇ ಹೆಚ್ಚಿನ ರಿಸ್ಕ್ ದರ (ಆ ಹೊಣೆಗೆ ಸಾಗಣೆದಾರರು ಕೇಳುವ ಜಾಸ್ತಿ ಹಣ) ಒಪ್ಪಿಕೊಳ್ಳಬೇಕು. ಬರೀ ಬೆಲೆ ಬರೆದರೆ ಸಾಲದು. ಕೇಸು ಹಾಕುವ ಯೋಚನೆ ಇದ್ದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಆಮೇಲೆ ಎಷ್ಟು ಅಲೆದರೂ ಪ್ರಯೋಜನವಿಲ್ಲ.

ಪ್ರಶ್ನೆ (ಕುಮಟಾ): ನಾವು ಒಣ ಮುರುಗಲು (ಕೋಕಂ) ಸಿಪ್ಪೆ ಕಳಿಸುತ್ತೇವೆ. ಬಾಕ್ಸ್ 12 ಕೆಜಿ, ಬಿಲ್ ಮಾತ್ರ 20 ಕೆಜಿಗೆ ಬರುತ್ತದೆ. ಮೋಸ ಅಲ್ವಾ?

ಉತ್ತರ (ಕಾರವಾರ): ಮೋಸ ಅಲ್ಲ ಅಕ್ಕಾ, ಆದರೆ ನಿಮಗೆ ಮೊದಲೇ ಹೇಳಬೇಕಿತ್ತು. ಹಗುರ ಮಾಲು ತೂಕಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಹಾಗಾಗಿ ಅಳತೆಯಿಂದಲೂ ತೂಕ ಲೆಕ್ಕ ಹಾಕಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ವಿಮಾನದ ಸರಕಿಗೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ರೂಢಿ. 60, 50, 40ರ ಬಾಕ್ಸ್‌ಗೆ ಸರಿಯಾಗಿ 20 ಕೆಜಿ ಬರುತ್ತದೆ. ಲಾರಿಯವರು ಒಬ್ಬೊಬ್ಬರು ಒಂದೊಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಶಿರಸಿಯ ತಂಗೀ, ನಿಮ್ಮ ಲೆಕ್ಕ ಯಾವುದೋ ಅದನ್ನು ಅಳತೆಯ ಕಾಲಂ ಕೆಳಗೇ ಬರೆದುಬಿಡಿ.

ಪ್ರಶ್ನೆ (ಶಿರಸಿ): ಮೊದಲ ಫಾರ್ಮ್ ಎಂಟೇ ಕಾಲಂಗೆ ಬಂತು ಅಣ್ಣಾ. ಬೆಲೆಯ ಕಾಲಂ ಕೆಳಗೆ ಏನು ಬರೆಯಲಿ? ಜನ ಹೆದರಬಾರದು.

ಉತ್ತರ (ಕಾರವಾರ): ಸಣ್ಣ ಅಕ್ಷರ ಬೇಡ. ಹೀಗೆ ಬರೆಯಿರಿ: "ಮಾಲಿನ ನಿಜವಾದ ಬೆಲೆ ಬರೆಯಿರಿ. ಹಾಳಾದರೆ ನಮ್ಮ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ. ಪೂರ್ತಿ ಬೆಲೆಗೆ ಹೊಣೆ ಬೇಕೇ? ಹೌದು / ಬೇಡ." ಹೌದು ಎಂದು ಒತ್ತಿದರೆ ಎಷ್ಟು ಜಾಸ್ತಿ ಆಗುತ್ತದೆ ಎನ್ನುವುದು ಅಲ್ಲೇ ಕಾಣಲಿ. ತುಂಬಿದ ಮೇಲೆ ಅದರ ಪ್ರತಿ ಅವರ ವಾಟ್ಸಾಪ್‌ಗೆ ಹೋಗಲಿ.