ತಿಬೇರಿಯಸನ ದಿನಾರಿಯಸ್: ಪೀಠದಲ್ಲಿ ಕುಳಿತವಳು ಪಾಕ್ಸ್ ದೇವಿಯೋ, ಲಿವಿಯಾಳೋ?

ಬೆಳ್ಳಿಬಿಲ್ಲೆ: 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಚಕ್ರವರ್ತಿ ತಿಬೇರಿಯಸನವೂ (ಆಳ್ವಿಕೆ ಕ್ರಿ.ಶ. 14–37) ಇವೆ. ಅವನ ‘ಪಾಂಟಿಫ್ ಮ್ಯಾಕ್ಸಿಮ್’ (ಮಹಾಪುರೋಹಿತ) ಎಂಬ ಬರಹವಿರುವ ಬಗೆಯ ದಿನಾರಿಯಸ್, ಅಂದರೆ ಬೆಳ್ಳಿ ನಾಣ್ಯದ, ಹಿಂಬದಿಯಲ್ಲಿ ಬಲಕ್ಕೆ ಮುಖಮಾಡಿ ಕುಳಿತ ಹೆಂಗಸೊಬ್ಬಳಿದ್ದಾಳೆ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಕೊಂಬೆ. ಇವಳನ್ನು ರಾಜಮಾತೆ ಲಿವಿಯಾ ಎಂದೇ ಬರೆಯುತ್ತಾರೆ. ಕೊಂಬೆ ಆಲಿವ್ ಮರದ್ದು, ಹಾಗಾಗಿ ಶಾಂತಿದೇವಿ ಪಾಕ್ಸ್ ಅನ್ನುವುದೇ ಸರಿ.

ಟಂಕಸಾಲೆ: ಒಪ್ಪಲಾರೆ. ಕ್ರಿ.ಶ. 22–23ರ ‘ಸಾಲುಸ್ ಅಗಸ್ಟಾ’ ನಾಣ್ಯದ ಆರೋಗ್ಯದೇವಿಗೆ ಲಿವಿಯಾಳದೇ ಮುಖಚಹರೆ. ಮುಂದೆ ಚಕ್ರವರ್ತಿಯಾದ ಕ್ಲಾಡಿಯಸ್ ಅವಳನ್ನು ದೇವತೆಯಾಗಿಸಿದ ಮೇಲೆ ಟಂಕಿಸಿದ ನಾಣ್ಯದಲ್ಲೂ ಹೀಗೇ ಕುಳಿತಿದ್ದಾಳೆ.

ಲಿಪಿಕಾರ: ಟಂಕಸಾಲೆಯವರೇ, ಅವೆರಡೂ ಹಿತ್ತಾಳೆಯ ನಾಣ್ಯಗಳು, ರೋಮ್‌ನಲ್ಲಿ ಟಂಕಿಸಿದವು. ಎರಡರಲ್ಲೂ ಬರಹವೇ ಗುರುತು ಕೊಡುತ್ತದೆ. ಈ ದಿನಾರಿಯಸ್ ಲುಗ್ದುನುಮ್‌ನದು, ಅಂದರೆ ಇಂದಿನ ಫ್ರಾನ್ಸ್‌ನ ಲಿಯೋನ್. ಅದರ ಬರಹ ಚಕ್ರವರ್ತಿಯ ಪುರೋಹಿತ ಪದವಿಯನ್ನಷ್ಟೇ ಹೇಳುತ್ತದೆ, ಹೆಂಗಸಿನ ಹೆಸರಿಲ್ಲ. ಕ್ಲಾಡಿಯಸನ ನಾಣ್ಯದಲ್ಲಿ ಅವಳು ಹಿಡಿದಿರುವುದು ಪಂಜು ಮತ್ತು ಧಾನ್ಯದ ತೆನೆ, ಅದು ಬೆಳೆಯ ದೇವಿ ಸಿರಿಸ್‌ಳ ಲಕ್ಷಣ. ಇನ್ನೊಂದು ಮಾತು: ಇದೇ ಆಕೃತಿ ಕ್ರಿ.ಶ. 13–14ರಲ್ಲಿ, ತಿಬೇರಿಯಸನ ಹಿಂದಿನ ಚಕ್ರವರ್ತಿ ಅಗಸ್ಟಸನ ನಾಣ್ಯದಲ್ಲೇ ಬಂದಿತ್ತು. ತಿಬೇರಿಯಸ್ ತಾಯಿಗೆಂದು ಹೊಸದಾಗಿ ಮಾಡಿಸಿದ್ದಲ್ಲ.

ಟಂಕಸಾಲೆ: ಅಗಸ್ಟಸನ ಕಾಲದ್ದು ಎಂಬುದು ಗಟ್ಟಿ ಅಂಶ. ಆದರೂ ನಾಣ್ಯ ಕೈಗೆ ಬಂದವರು ಅವಳಲ್ಲಿ ಲಿವಿಯಾಳನ್ನೇ ಕಂಡಿರಬಹುದಲ್ಲ?

ಬೆಳ್ಳಿಬಿಲ್ಲೆ: ಕಂಡಿರಬಹುದು. ಅದು ನೋಡಿದವರ ಓದು, ಅಚ್ಚು ಕೆತ್ತಿದವನ ಉದ್ದೇಶಕ್ಕೆ ಸಾಕ್ಷಿಯಲ್ಲ.

ಮೀನಾಕ್ಷಿ_ನಾಣ್ಯ: ಹೆಸರಿಗಿಂತ ಪೀಠದ ಕಾಲು ನೋಡಿ. ಸಾದಾ ಕಾಲು, ಕಡೆದ ಕಾಲು, ಕೆಳಗೆ ಒಂದು ಗೆರೆಯೋ ಎರಡೋ, ಪಾದಪೀಠ ಇದೆಯೋ ಇಲ್ಲವೋ: ಇವನ್ನು ಹಿಡಿದೇ ಅಚ್ಚುಗಳನ್ನು ಬೇರ್ಪಡಿಸುವುದು. ಫೋಟೋಗೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ನೇರ ಬಿದ್ದರೆ ಗೆರೆ ಅಳಿಸಿಹೋಗುತ್ತದೆ.

ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ ನಕಲಿಗಳೂ ಇವೆ, ಅವನ್ನು ಹೀಗೆ ಪರೀಕ್ಷಿಸಿ. 0.01 ಗ್ರಾಂ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಇಳಿಬಿಡಿ, ತಳ ತಾಗಬಾರದು. 3.75 ಗ್ರಾಂ ನಾಣ್ಯಕ್ಕೆ ತಕ್ಕಡಿ 0.36ರ ಆಸುಪಾಸು ತೋರಿಸಿದರೆ ಒಳ್ಳೆಯ ಬೆಳ್ಳಿ. 0.40 ತೋರಿಸಿದರೆ ಅನುಮಾನಿಸಿ. ಗಾಳಿಗುಳ್ಳೆ ಅಂಟಿದ್ದರೆ ಅಸಲಿಯೂ ನಕಲಿಯಂತೆ ತೋರುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ. ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಹಾಕಿ ತಿಕ್ಕಬೇಡಿ. ಮೊದಲು ಸವೆಯುವುದೇ ಆ ಕೊಂಬೆ.

ಲಿಪಿಕಾರ: ಹಾಗಿದ್ದರೆ ನಾಣ್ಯದ ವಿವರಣೆ ಫಲಕಕ್ಕೆ ಇಷ್ಟು ಸಾಕು: ‘ಕುಳಿತ ದೇವಿ, ದಂಡ ಮತ್ತು ಕೊಂಬೆ, ಬಹುಶಃ ಪಾಕ್ಸ್, ಲಿವಿಯಾ ಎಂಬ ವಾದವೂ ಇದೆ.’

ಟಂಕಸಾಲೆ: ‘ಬಹುಶಃ’ ಉಳಿಸಿದರೆ ನನ್ನ ಅಡ್ಡಿಯಿಲ್ಲ.